ಎಚ್ಚರವಾದ ಮಗು, ಹೋದ ಲೈನ್

"ಅಣ್ಣಾ, ಅವರಿಗೆ ಮಗು ಕಾಣ್ತಾ ಉಂಟಾ?" ಬೆಳ್ತಂಗಡಿಯ ನನ್ನ ಸೈಬರ್ ಕೆಫೆಯಲ್ಲಿ ಆ ಹೆಂಗಸು ಎಳೆಗೂಸನ್ನು ಕ್ಯಾಮೆರಾದ ಎದುರು ಎತ್ತಿ ಹಿಡಿದು ಕೇಳಿದರು. ದುಬೈಯಲ್ಲಿದ್ದ ಗಂಡ ಇನ್ನೂ ಮಗುವಿನ ಮುಖ ನೋಡಿರಲಿಲ್ಲ. ತೋರಿಸಲೆಂದೇ ಈಕೆ ನೆರಿಯ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದರು. ಪರದೆಯಲ್ಲಿ ಗಂಡನ ಮುಖ ಅಲುಗದೆ ನಿಂತಿತ್ತು. ಅದೇ ಹೊತ್ತಿಗೆ ನಾನು ಯಾರಿಗೂ ಹೇಳದೆ ಇಂಟರ್ನೆಟ್ಟಿನ ರೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಲು ಹೊರಟಿದ್ದೆ. ಅದು ಅರ್ಧದಲ್ಲೇ ಕೆಟ್ಟು ಕೂತಿತ್ತು.

"ಇಲ್ಲಮ್ಮ, ನನ್ನಿಂದಲೇ ಲೈನ್ ಹೋಯಿತು. ಇವತ್ತು ಬರುವುದಿಲ್ಲ" ಎಂದೆ.

ಅವರು ಮಗುವನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡರು. "ಲೈನ್ ಹೋಗಬಹುದು ಅಂತ ಮೊದಲೇ ಹೇಳಿದ್ದರೆ ಮಗು ಮಲಗಿದ್ದಾಗಲೇ ತೋರಿಸ್ತಿದ್ದೆ. ಕಣ್ಣು ಬಿಡಲಿ ಅಂತ ಕಾದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಈಗ ಯಾರಾದರೂ ಮಗುವಿನ ಮುಂದೆ ಫೋನ್ ಹಿಡಿದು ದೂರದವರಿಗೆ ತೋರಿಸುವುದನ್ನು ಕಂಡರೆ, ನಾಚಿಕೆಯಿಂದ ಬೇರೆ ಕಡೆ ತಿರುಗಿಬಿಡುತ್ತೇನೆ.