ಎಮ್ಮೆ ಎಣಿಸದ ಹುಡುಗಿ

1984ರಲ್ಲಿ ನಾನು ಕಲಘಟಗಿ ತಾಲೂಕಿನ ದೇವಿಕೊಪ್ಪದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಸಿಪಾಯಿಯಾಗಿದ್ದೆ. ಗಂಟೆ ಬಾರಿಸುವುದು, ನೀರು ತುಂಬುವುದು, ಕೋಣೆ ಗುಡಿಸುವುದು ನನ್ನ ಕೆಲಸ. ಕಲಿತದ್ದು ಐದನೇ ಇಯತ್ತೆ. ಎಮ್ಮೆ ಸಾಕುವ ಗೌಳಿಗರು ನಾವು. ಕಾಡಂಚಿನ ನಮ್ಮ ವಸತಿಗೆ ದಡ್ಡಿ ಅನ್ನುತ್ತೇವೆ; ಅಲ್ಲಿಂದ ಸರಕಾರಿ ಕೆಲಸಕ್ಕೆ ಸೇರಿದವನು ನಾನೊಬ್ಬನೇ. ಮನೆಯಲ್ಲಿ ನಾವು ಆಡುವುದು ಮರಾಠಿಗೆ ಹತ್ತಿರದ ಮಾತು. ಶಾಲೆಯ ಅಂಗಳದಲ್ಲಿ ಮಾತ್ರ ನಾನು ಅದನ್ನು ತುಟಿಗೆ ತರುತ್ತಿರಲಿಲ್ಲ.

“ಧೋಂಡ್ಯಾ, ನೀ ಅಗದಿ ನಮ್ಮಂಗ ಆಗಿಬಿಟ್ಟಿ ಬಿಡಲೇ. ಎಮ್ಮಿ ವಾಸನಿನೂ ಹೋಗೇತಿ,” ಎಂದು ಮಾಸ್ತರೊಬ್ಬರು ಚೇಷ್ಟೆ ಮಾಡಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

ನನ್ನ ತಂಗಿ ಭಾಗೂ ಅದೇ ಶಾಲೆಯಲ್ಲಿ ಎರಡನೇ ಇಯತ್ತೆ ಮುಗಿಸಿದ್ದಳು. ತಾಲೂಕಿನ ಹಾಸ್ಟೆಲ್‌ನಲ್ಲಿ ಮೂರನೇ ಇಯತ್ತೆಯಿಂದ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದ್ದರು. ಸೀಟು ಸಿಕ್ಕರೆ ಕಲಿಯಲಿ, ಇಲ್ಲದಿದ್ದರೆ ಎಮ್ಮೆಗಳ ಹಿಂದೆ ಹೋಗಲಿ ಎಂದು ಅಪ್ಪ ಹೇಳಿಬಿಟ್ಟಿದ್ದ.

ಆ ಸೀಟಿಗಾಗಿ ಮಕ್ಕಳ ಪರೀಕ್ಷೆ ಮಾಡಲು ಬಂದ ಸಾಹೇಬರು ಮೈಸೂರು ಕಡೆಯವರು, ಮೃದು ಸ್ವಭಾವದವರು. ಬೇರೆ ಮಾತಿನ ಮಕ್ಕಳಿಗೆ ಬರವಣಿಗೆಯ ಪರೀಕ್ಷೆ ಅನ್ಯಾಯವಾದೀತೆಂದು ಚಿತ್ರಗಳನ್ನು ತಂದಿದ್ದರು. ದನ ಕಾಯುವವರ ಮಕ್ಕಳಿಗೆ ಪರಿಚಿತವಾಗಿರಲಿ ಎಂದು ಅವುಗಳಲ್ಲಿ ಎಮ್ಮೆಗಳ ಚಿತ್ರವನ್ನೇ ಆರಿಸಿದ್ದರು. ಅವರಿಗಾಗಲಿ, ಅಣ್ಣಿಗೇರಿ ಕಡೆಯ ನಮ್ಮ ಹೆಡ್‌ಮಾಸ್ತರರಿಗಾಗಲಿ ನಮ್ಮ ಮಾತು ಬರುತ್ತಿರಲಿಲ್ಲ. ಹಾಗಾಗಿ ತಿಳಿಸಿ ಹೇಳಲು ನನ್ನನ್ನು ಬಾಜೂಕೆ ನಿಲ್ಲಿಸಿಕೊಂಡರು.

“ನೋಡಮ್ಮ, ಇಲ್ಲಿ ಎಮ್ಮೆಗಳು ಎಷ್ಟಿವೆ?”

ಭಾಗೂ ಚಿತ್ರ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ನಮ್ಮ ಮನೆಯಲ್ಲಿ ಎಮ್ಮೆಗಳನ್ನು ಎಣಿಸುವುದಿಲ್ಲ. ಬೆರಳು ಮಾಡಿ ಎಣಿಸಿದರೆ ಹಿಂಡು ಕರಗುತ್ತದೆ ಎಂಬ ಅಂಜಿಕೆ. ಸಂಜೆ ಮರಳಿದವುಗಳ ಮುಖ ನೋಡಿಯೇ ಯಾವುದು ಬಂದಿಲ್ಲವೆಂದು ಅಪ್ಪ ತಿಳಿಯುತ್ತಿದ್ದ. ಚಿಕ್ಕವಳಿದ್ದಾಗ ಒಮ್ಮೆ ಎಣಿಸಿದ್ದಕ್ಕೆ ಭಾಗೂ ಅವ್ವನಿಂದ ಏಟು ತಿಂದಿದ್ದಳು. ಹುಣಸೆ ಬೀಜ ಕೊಟ್ಟರೆ ನೂರರವರೆಗೆ ತಡೆಯದೆ ಎಣಿಸುವ ಹುಡುಗಿ ಅವಳು.

“ದಾದಾ, ಮ್ಹಶೀ ಮೋಜತಾತ ಕಾಯ? ತೂಚ ಸಾಂಗ,” ಎಂದಳು. ಎಮ್ಮೆಗಳನ್ನು ಯಾರಾದರೂ ಎಣಿಸುತ್ತಾರೇನು, ನೀನೇ ಹೇಳು ಎಂದು.

“ಏನಂತಾಳೋ ನಿನ್ನ ತಂಗಿ?” ಎಂದರು ಹೆಡ್‌ಮಾಸ್ತರರು. ಬಾಗಿಲಲ್ಲಿ ಆ ಚೇಷ್ಟೆಯ ಮಾಸ್ತರರೂ ನಿಂತಿದ್ದರು. ಇದ್ದದ್ದನ್ನು ಹೇಳಿದರೆ ಇಡೀ ಶಾಲೆ ನಗುತ್ತದೆ, ನಾನು ಮತ್ತೆ ಎಮ್ಮೆ ವಾಸನೆಯವನಾಗುತ್ತೇನೆ ಅನಿಸಿತು.

“ಗೊತ್ತಿಲ್ಲ ಅಂತಾಳ್ರಿ,” ಎಂದೆ.

ಸಾಹೇಬರು ಬಿಡಲಿಲ್ಲ. “ಎರಡು ಎಮ್ಮೆ ಕೆರೆಗೆ ಹೋದರೆ ಎಷ್ಟು ಉಳಿಯುತ್ತವೆ?” ಎಂದು ಕೇಳಿದರು. ಭಾಗೂ ತಲೆ ತಗ್ಗಿಸಿದಳು. ಮತ್ತೆ ಬಾಯಿ ತೆರೆಯಲಿಲ್ಲ. “ಪಾಪ, ಇನ್ನೊಂದು ವರ್ಷ ಇಲ್ಲೇ ಓದಲಿ,” ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು. ಆ ಇನ್ನೊಂದು ವರ್ಷವನ್ನು ಅಪ್ಪ ಕೊಡಲಿಲ್ಲ. ಮರುವಾರವೇ ಭಾಗೂ ಕೈಯಲ್ಲಿ ಕೋಲು ಹಿಡಿದು ಕಾಡಿಗೆ ಹೋದಳು. ಅವಳು ಹಿಂಡು ಹೊಡೆದುಕೊಂಡು ಶಾಲೆಯ ಮುಂದೆ ಹಾಯ್ದುಹೋಗುವ ಹೊತ್ತಿಗೇ ನಾನು ಗಂಟೆ ಬಾರಿಸಬೇಕಾಗುತ್ತಿತ್ತು.

ಮುಂದಿನ ವರ್ಷ ಸಾಹೇಬರು ಅದೇ ಚಿತ್ರ ಹಿಡಿದು ಬಂದರು. ಈ ಬಾರಿ ನಮ್ಮ ದಡ್ಡಿಯ ಬೇರೆ ಇಬ್ಬರು ಹುಡುಗಿಯರಿದ್ದರು. ನಾನು ಧೈರ್ಯ ಮಾಡಿ ಎಲ್ಲವನ್ನೂ ಹೇಳಿದೆ. “ಎಮ್ಮಿ ಬ್ಯಾಡ್ರಿ ಸಾಹೇಬರ, ಹುಣಸಿ ಬೀಜ ಕೊಟ್ಟು ಕೇಳ್ರಿ,” ಎಂದೆ. ಯಾರೂ ನಗಲಿಲ್ಲ. ಸಾಹೇಬರು ಚಿತ್ರವನ್ನು ಚೀಲಕ್ಕೆ ಹಾಕಿ ಬೀಜ ತರಿಸಿದರು. ಇಬ್ಬರಿಗೂ ಸೀಟು ಸಿಕ್ಕಿತು.

ಸಾಹೇಬರು ಹೋದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಕರೆದು, “ಹೋದ ವರ್ಷ ನಿನ್ನ ಬಾಯಿಗೆ ಏನಾಗಿತ್ತೋ?” ಎಂದರು.

ಮಗು ಸುಮ್ಮನಾದರೆ ಅದಕ್ಕೆ ಬರುವುದಿಲ್ಲ ಎಂದು ಬರೆಯುವ ಮೊದಲು ಅದರ ಮನೆಯವರನ್ನು ಒಂದು ಮಾತು ಕೇಳಬೇಕು. ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟು. ಆದರೆ ಅಂದು ಹೆಡ್‌ಮಾಸ್ತರರು ನನ್ನನ್ನು ಕೇಳಿಯೇ ಇದ್ದರು. ಹೇಳಬೇಕಾದವನು ನಾನಾಗಿದ್ದೆ.

ನಿವೃತ್ತನಾದ ವರ್ಷ ಭಾಗೂನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಹಾಲು ಕರೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಯಾವಾಗಲೂ ನನ್ನ ಜೊತೆ ನಮ್ಮ ಮಾತನ್ನೇ ಆಡುವವಳು ಅಂದು ಕನ್ನಡದಲ್ಲೇ ಹೇಳಿದಳು:

“ಎರಡು ವರ್ಷ ಸಾಲ್ಯಾಗ ಕುಂತಿದ್ನೆಲ್ಲೊ ದಾದಾ, ಗೊತ್ತಿಲ್ಲ ಅಂದ್ರ ಏನಂತ ನನಗ ಆವತ್ತ ತಿಳೀತಿತ್ತು. ಅಷ್ಟು ಮಂದಿ ಮುಂದ ನಿನ್ನ ಸುಳ್ಳ ಮಾಡಬಾರ್ದಂತ ಸುಮ್ನಿದ್ದೆ.”