ಗೋಡೆಯ ಮೇಲಿನ ಇಕ್ತಿಯೋಸಾರ್

ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಂದೋ ಅಳಿದುಹೋದ ಇಕ್ತಿಯೋಸಾರ್ ಎಂಬ ಕಡಲಪ್ರಾಣಿಯ ಚಿತ್ರವನ್ನು, ಒಂದೊಂದು ಎಲುಬೂ ಕಾಣುವಂತೆ, ತರಗತಿಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದರು. ಯಾರಾದರೂ ಮೀನು ಎಂದರೆ ಬೆತ್ತದಿಂದ ಗೋಡೆ ಕುಟ್ಟುತ್ತಿದ್ದರು.

"ಎಲುಬು ನೋಡ್ರೋ, ಆಮೇಲೆ ಹೆಸರಿಡ್ರೋ. ಇದು ಹಲ್ಲಿ, ಹಾವಿನ ಪೈಕಿ."

ಶಾರದಾ ಪೂಜೆಯ ದಿನ ಹೆಡ್‌ಮಾಸ್ತರು ಅದನ್ನು ಮತ್ಸ್ಯಾವತಾರವೆಂದುಕೊಂಡು, ಅದರ ಹಣೆಗೆ ಕುಂಕುಮ ಬಳಿದು ಕೈಮುಗಿದರು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿದರು. ಕುಂಕುಮದ ಜೊತೆ ತಲೆಬುರುಡೆಯೂ ಅಳಿಸಿಹೋಯಿತು.

"ಸತ್ತ ಪ್ರಾಣಿ ಸಲುವಾಗಿ ಯಾಕ್ರೀ ಇಷ್ಟು ಸಿಟ್ಟು?" ಎಂದರು ಹೆಡ್‌ಮಾಸ್ತರು.

ಮೇಷ್ಟ್ರು ಬಟ್ಟೆಯನ್ನು ನೆಲಕ್ಕೆ ಬಿಸಾಕಿದರು.

"ಕಲ್ಲೊಳಗೆ ಕೋಟಿಗಟ್ಟಲೆ ವರ್ಷ ಉಳಿದ ಎಲುಬು ಕಣ್ರೀ. ನಮ್ಮ ಸಾಲ್ಯಾಗೆ ಒಂದು ಪೂಜೇನೂ ತಡ್ಕೊಳ್ಳಲಿಲ್ಲ."