ಹಸಿರು ಮರಳಿನ ಜಾಡು

ಭಾನುವಾರದ ಪೂಜೆ ಮುಗಿದು ಜನರು ಚರ್ಚಿನ ಮೆಟ್ಟಿಲಿಳಿಯುವಾಗ ವೆರೆನಾ ಟ್ರೆಶ್ ತಲೆ ತಗ್ಗಿಸಿಯೇ ನಡೆಯುತ್ತಿದ್ದಳು. ಕಂಡವರು ಅದನ್ನು ಭಕ್ತಿಯೆಂದು ಭಾವಿಸುತ್ತಿದ್ದರು. ಅವಳು ನೋಡುತ್ತಿದ್ದುದು ಗಂಡಸರ ಬೂಟುಗಳನ್ನು. ಯಾರ ಅಟ್ಟೆ ಎಲ್ಲಿ ಸವೆದಿದೆ, ಯಾರ ಬೂಟಿಗೆ ಯಾವ ಬೆಟ್ಟದ ಮಣ್ಣು ಅಂಟಿದೆ ಎಂಬುದರಿಂದ ಬ್ರಿಸ್ಟನ್ ಹಳ್ಳಿಯ ವಾರದ ಸಮಾಚಾರವೆಲ್ಲ ಅವಳಿಗೆ ತಿಳಿಯುತ್ತಿತ್ತು. ಆ ದಿನ ಪಕ್ಕದ ಮನೆಯ ಬಾಲ್ಟ್ಸ್ ಫುರರ್‌ನ ಬೂಟಿನ ಹೊಲಿಗೆಯಲ್ಲಿ ನುಣ್ಣನೆಯ ಹಸಿರು ಮರಳು ಸಿಕ್ಕಿಕೊಂಡಿತ್ತು.

ಆ ಹಸಿರು ಹುಲ್ಲಿನದಲ್ಲ, ಪಾಚಿಯದಲ್ಲ. ಸ್ಫಟಿಕ ಬೆಳೆಯುವ ಬಂಡೆಬಿರುಕಿನ ಹೊಟ್ಟೆಯಲ್ಲಷ್ಟೇ ಅಂಥ ಮರಳಿರುತ್ತದೆ.

"ಏನು ವ್ರೇನಿ, ಮಂಡಿ ಹೇಗಿದೆ?" ಎಂದು ವೆರೆನಾಳನ್ನು ಊರಿನವರು ಕರೆಯುವ ಮೋಟು ಹೆಸರಿನಿಂದಲೇ ಕೇಳಿದ ಬಾಲ್ಟ್ಸ್. "ಹತ್ತುವಾಗ ನೋಯುತ್ತಾ, ಇಳಿಯುವಾಗಲಾ?"

"ನಿನಗ್ಯಾಕೆ ಅದು?"

"ಅಯ್ಯೋ ಮಾರಾಯ್ತಿ, ಪಕ್ಕದ ಮನೆಯವಳು ಅಂತ ಕೇಳಿದೆ."

"ಪಕ್ಕದ ಮನೆ ಇವತ್ತು ಕಟ್ಟಿದ್ದಲ್ಲವಲ್ಲ. ಇಷ್ಟು ವರ್ಷ ಕೇಳದವನು!"

ಹಿಂದಿನ ಬೇಸಿಗೆಯಲ್ಲಿ ಹುಲ್ಲು ಕೊಯ್ಯುವಾಗ ಇಳಿಜಾರಿನಲ್ಲಿ ಜಾರಿ ಮಂಡಿ ತಿರುಚಿಕೊಂಡಿದ್ದರಿಂದ ವೆರೆನಾ ಬೆಟ್ಟ ಹತ್ತಿರಲಿಲ್ಲ. ಆಗ ಬಾಲ್ಟ್ಸ್‌ನ ಮನೆಯಿಂದ ಗಡಿಗೆ ತುಂಬ ಬಾರ್ಲಿ ಸಾರು ಬಂದಿತ್ತು. ಕುಡಿಯುವ ಮೊದಲು ಅವಳು ಅದನ್ನು ಬೆಕ್ಕಿಗೆ ಹಾಕಿ ನೋಡಿದ್ದಳು. ಬೆಕ್ಕಿಗೆ ಏನೂ ಆಗಲಿಲ್ಲ. ಅನುಮಾನ ಮಾತ್ರ ಹೋಗಲಿಲ್ಲ.

ಅಪ್ಪ ಆಂಬ್ರೋಸನಿಗೆ ಗಂಡುಮಕ್ಕಳಿರಲಿಲ್ಲ. ಸ್ಫಟಿಕ ಹುಡುಕುವ ಕಸುಬನ್ನು ಅವನು ಮಗಳಿಗೇ ಕಲಿಸಿದ. ಬಂಡೆಯನ್ನು ಹಿಡಿಯುವ ಮೊದಲು ಮುಷ್ಟಿಯಿಂದ ಗುದ್ದಿ ಅದರ ದನಿ ಕೇಳು ಎಂದ. ಬಿಳಿಯ ಗೆರೆ ಕಂಡರೆ ನಿಲ್ಲು ಎಂದ. ಕಂಡದ್ದನ್ನು ಯಾರಿಗೂ ಹೇಳಬೇಡ ಎಂದ. "ಹೆಂಗಸು ಮುಟ್ಟಿದ ಕಲ್ಲು ಮಸುಕಾಗುತ್ತೆ" ಎಂದು ಹೋಟೆಲಿನ ಪಡಸಾಲೆಯಲ್ಲಿ ಗಂಡಸರು ನಕ್ಕರು. ಚಳಿಗಾಲವೆಲ್ಲ ಅದೇ ಹೋಟೆಲಿನ ಹಾಸುಬಟ್ಟೆಗಳನ್ನು ಇಸ್ತ್ರಿ ಮಾಡುತ್ತ ಅವಳು ಆ ನಗುವನ್ನು ಕೇಳಿಸಿಕೊಂಡಳು. ಅಪ್ಪ ಸತ್ತ ಮೇಲೆ ಗರಗಸವೆಂಬ ಬೆಟ್ಟದ ಏಣಿನ, ಅಂದರೆ ಹಲ್ಲುಹಲ್ಲಾದ ಚೂಪು ನೆತ್ತಿಯ, ಬಡಗಣ ಮಗ್ಗುಲಲ್ಲಿ ಅವಳಿಗೆ ತನ್ನದೇ ಒಂದು ಬಿರುಕು ಸಿಕ್ಕಿತು. ಅದರ ಬಾಯಿಯನ್ನಷ್ಟೇ ಅವಳು ತೋಡಿದ್ದಳು. ಆಳ ಇನ್ನೂ ಹಾಗೆಯೇ ಇತ್ತು. ಆಯುಷ್ಯದಲ್ಲಿ ನನ್ನದು ಎನ್ನಲು ಅವಳಿಗಿದ್ದದ್ದು ಅದೊಂದೇ.

ಆ ಕಣಿವೆಯಲ್ಲಿ ಒಂದು ಕಟ್ಟಳೆಯಿದೆ. ಬಿರುಕನ್ನು ಕಂಡವರು ಅದರ ಬಾಯಲ್ಲಿ ತಮ್ಮ ಹೆಸರಿನ ಅಕ್ಷರ ಕೊರೆದ ಸುತ್ತಿಗೆಯನ್ನೋ ಉಳಿಯನ್ನೋ ಇಟ್ಟು ಬಂದರೆ ಮತ್ತೊಬ್ಬರು ಕೈ ಹಾಕುವಂತಿಲ್ಲ. ವೆರೆನಾ ಕೂಡ ಸುತ್ತಿಗೆ ಇಟ್ಟಿದ್ದಳು, ಆದರೆ ತನ್ನದೇ ರೀತಿಯಲ್ಲಿ. ಸುತ್ತಿಗೆ ಕಣ್ಣಿಗೆ ಬಿದ್ದರೆ ಇಲ್ಲೇನೋ ಇದೆಯೆಂದು ಕಂಡವರಿಗೆಲ್ಲ ಸಾರಿದಂತಲ್ಲವೇ? ಅದಕ್ಕಾಗಿ ತೋಳುದ್ದ ಒಳಗೆ ತಳ್ಳಿ, ಮೇಲೊಂದು ಚಪ್ಪಡಿ ಮುಚ್ಚಿ ಬಂದಿದ್ದಳು. ಆ ಜಾಣತನಕ್ಕೆ ಅವಳು ಒಳಗೊಳಗೇ ಹೆಮ್ಮೆಪಟ್ಟದ್ದೂ ಉಂಟು.

ಬಾಲ್ಟ್ಸ್‌ನ ಬೂಟಿನ ಮರಳು ತನ್ನ ಬಿರುಕಿನದೇ ಇರಬೇಕೆಂಬ ಅನುಮಾನದಿಂದ ಸೋಮವಾರ ನಸುಕಿನಲ್ಲೇ ಅವಳು ಹೊರಟಳು. ಕಾಲುದಾರಿ ಹಿಡಿಯುವಂತಿರಲಿಲ್ಲ. ಊರಿನ ಪ್ರತಿ ಅಡುಗೆಮನೆಯ ಕಿಟಕಿಯಲ್ಲೂ ಒಂದು ದುರ್ಬೀನು ಇರುತ್ತಿತ್ತು. ಅವಳ ಕಿಟಕಿಯಲ್ಲೂ ಇತ್ತು. ಆದ್ದರಿಂದ ಬೆಟ್ಟದ ಬೆನ್ನಿನ ಕಡೆಯಿಂದ ಹತ್ತಿ, ದಾರಿಯೇ ಇಲ್ಲದ ಗರಗಸದ ಹಲ್ಲುಗಳ ಮೇಲೆ ಸಾಗಿದಳು. ಒಂದೊಂದು ಬಂಡೆಯನ್ನೂ ಗುದ್ದಿ ನೋಡುತ್ತಿದ್ದಳು. ಗಟ್ಟಿ ದನಿ ಬಂದರೆ ಹಿಡಿತ. ಟೊಳ್ಳು ದನಿ ಬಂದರೆ ಬೇರೆ ಬಂಡೆ. ಏಣು ಕತ್ತಿಯಂತೆ ತೆಳುವಾದಲ್ಲಿ ಕುದುರೆಯೇರಿದವಳಂತೆ ಎರಡೂ ಕಡೆ ಕಾಲು ಇಳಿಬಿಟ್ಟು ಕುಳಿತು, ಅಂಗೈ ಊರಿ ಮುಂದಕ್ಕೆ ಜರುಗಿದಳು. ಒಂದೆಡೆ ದನಿ ಗಟ್ಟಿಯಾಗಿಯೇ ಬಂದ ಬಂಡೆ ಕಾಲಿಡುತ್ತಲೇ ಕದಲಿತು. ಅವಳು ಪಕ್ಕದ ಸೀಳಿಗೆ ಬೆರಳು ತುರುಕಿ ಜೋತುಬಿದ್ದಳು. ಬಂಡೆ ಸದ್ದು ಮಾಡುತ್ತ ಕೆಳಗಿನ ಹಿಮದವರೆಗೂ ಉರುಳಿತು. ಮಂಡಿ ಚುರುಗುಟ್ಟಿತು. ಬದುಕಿಕೊಂಡೆನೆಂಬ ಸಮಾಧಾನಕ್ಕಿಂತ ಸದ್ದು ಕೇಳಿಸಿತೇನೋ ಎಂಬ ಚಿಂತೆಯೇ ಅವಳಿಗೆ ಹೆಚ್ಚಾಯಿತು.

ಕೇಳಿಸಿತ್ತು. ಬಿರುಕಿನ ಮುಂದಿನ ಜಗಲಿಯಂಥ ಬಂಡೆಯ ಮೇಲೆ ಬಾಲ್ಟ್ಸ್ ಕುಳಿತು ಗಿಣ್ಣು ಕೊಯ್ದು ತಿನ್ನುತ್ತಿದ್ದ. ಬಿರುಕಿನ ಬಾಯಲ್ಲಿ ಎದ್ದು ಕಾಣುವಂತೆ ಅವನ ಉಳಿ.

"ನೀನೇ ಇರಬೇಕು ಅಂದ್ಕೊಂಡೆ," ಎಂದ. "ಬೇರೆ ಯಾರಿಗಿದೆ ದಾರಿ ಬಿಟ್ಟು ಹೀಗೆ ಬರೋ ಹುಚ್ಚು?"

"ಕಳ್ಳ! ನನ್ನ ಬಿರುಕು ಇದು."

"ನಿಂದಾ? ಎಲ್ಲಿದೆ ಗುರುತು?"

ವೆರೆನಾ ಮಲಗಿ ಒಳಕ್ಕೆ ತೋಳು ಚಾಚಿ, ಚಪ್ಪಡಿ ಸರಿಸಿ, ಸುತ್ತಿಗೆ ಎಳೆದು ಅವನ ಕಾಲಬುಡಕ್ಕೆ ಎಸೆದಳು. ಬಾಲ್ಟ್ಸ್ ಅದನ್ನೆತ್ತಿ ತಿರುಗಿಸಿ ನೋಡಿದ.

"ಇದನ್ನ ಈಗ ಅಂಗಿ ತೋಳಲ್ಲಿ ಬಚ್ಚಿಟ್ಕೊಂಡು ಬಂದಿಲ್ಲ ಅಂತ ಏನು ಗ್ಯಾರಂಟಿ?"

ಜೀವಮಾನವೆಲ್ಲ ಅನುಮಾನಿಸಿದವಳನ್ನು ಮೊದಲ ಬಾರಿಗೆ ಇನ್ನೊಬ್ಬರು ಅನುಮಾನಿಸಿದ್ದರು. ಅವಳ ಕಿವಿ ಕೆಂಪಾಯಿತು. "ಕೈ ಹಾಕಿ ನೋಡು. ಕೆಳಗಿನ ಕಲ್ಲಿಗೆ ಸುತ್ತಿಗೆಯ ತುಕ್ಕು ಅಂಟಿದೆ."

ಅವನು ಕೈ ಹಾಕಿ, ಬೆರಳಿಗಂಟಿದ ತುಕ್ಕನ್ನು ಷರಾಯಿಗೆ ಒರೆಸಿಕೊಂಡ. "ಸರಿ, ನಂಬಿದೆ. ಆದರೆ ವ್ರೇನಿ, ನಿಮ್ಮಪ್ಪನೇ ಇಲ್ಲಿ ನಿಂತಿದ್ರೆ ಏನು ಹೇಳ್ತಿದ್ದ? ಕಾಣದ ಗುರುತು ಗುರುತಾ? ನಾನು ಬಂದಾಗ ಬಾಯಿ ಬರಿದಾಗಿತ್ತು."

ಅಪ್ಪ ಏನು ಹೇಳುತ್ತಿದ್ದನೆಂಬುದು ಅವಳಿಗೆ ಗೊತ್ತಿತ್ತು. ಕಟ್ಟಳೆಯನ್ನು ಮುರಿದದ್ದು ಬಾಲ್ಟ್ಸ್ ಅಲ್ಲ.

"ನಿಂದೇ ಇದು," ಎಂದು ಎದ್ದಳು.

"ಕೂತ್ಕೊಳ್ಳೇ. ಅರ್ಧ ಅರ್ಧ ಮಾಡೋಣ."

"ನಿನ್ನ ದಾನ ನನಗೆ ಬೇಡ." ಎರಡು ಹೆಜ್ಜೆ ಹಾಕಿದವಳು ತಿರುಗಿ ಅವನ ಅಗಲವಾದ ಭುಜಗಳನ್ನು ನೋಡಿದಳು, ಬಿರುಕಿನ ಇಕ್ಕಟ್ಟಾದ ಬಾಯಿಯನ್ನು ನೋಡಿದಳು. "ನಿನ್ನ ಹೆಗಲು ಒಳಗೆ ಹಿಡಿಸಲ್ಲ, ಅಲ್ವಾ?"

ಬಾಲ್ಟ್ಸ್ ಗಿಣ್ಣಿನ ತುಂಡನ್ನು ಅಗಿಯುತ್ತಲೇ ಇದ್ದ.

"ಹೇಳೋ."

"ಹಿಡಿಸಲ್ಲ. ಎರಡು ಸಲ ಸಿಕ್ಕಿಹಾಕ್ಕೊಂಡು ಅಂಗಿ ಹರ್ಕೊಂಡೆ. ಸಾಕಾ?"

"ಅದಕ್ಕೇ ಮಂಡಿ ವಿಚಾರಿಸಿದೆಯಾ?"

"ಹೂಂ, ಅದಕ್ಕೇ. ನೀನು ಹತ್ತಬಲ್ಲೆಯಾದರೆ ಪಾಲು ಕೇಳೋಣ ಅಂತಿದ್ದೆ. ಕೇಳೋಕೆ ಬಿಟ್ಟೆಯಾ ನೀನು, ಚರ್ಚಿನ ಮುಂದೆ ಮೈಮೇಲೆ ಬಿದ್ದೆ."

ಆ ಬೆಳಗ್ಗೆ ಮೊದಲ ಬಾರಿಗೆ ವೆರೆನಾಳ ಮುಖದ ಬಿಗಿ ಸಡಿಲಿತು. ಕರುಣೆಯಾಗಿದ್ದರೆ ಅವಳು ನಂಬುತ್ತಿರಲಿಲ್ಲ. ಇದು ಅವನ ಗರಜು. ಚೀಲ ಕಳಚಿ, ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಬಿಗಿದು, ಮತ್ತೊಂದನ್ನು ಅವನಿಗೆ ಕೊಟ್ಟಳು. ಕೊಡುವ ಮುನ್ನ ಅವನು ಕಾಲು ಎಲ್ಲಿ ಊರಿದ್ದಾನೆಂದು ನೋಡಿದಳು. ಆ ಬಂಡೆಯನ್ನೂ ಗುದ್ದಿದಳು. ಆಮೇಲೆ ಹೊಟ್ಟೆಯ ಮೇಲೆ ತೆವಳುತ್ತ ಕತ್ತಲೊಳಗೆ ಹೋದಳು. ತಣ್ಣಗಿನ ಹಸಿರು ಮರಳು ಕೊರಳಪಟ್ಟಿಯೊಳಗೆ ಇಳಿಯಿತು.

"ಹಗ್ಗ ಹಿಡಿದಿದ್ದೀಯಾ?"

"ಹಿಡಿದಿದ್ದೀನಿ ಮಾರಾಯ್ತಿ. ಏನು ಕಾಣುತ್ತೆ?"

ಬೆರಳ ತುದಿಗೆ ಸ್ಫಟಿಕದ ಆರು ಮುಖದ ನುಣುಪಾದ ಕೊನೆಯೊಂದು ತಾಗಿತ್ತು. ಅವಳು ಮೊದಲು ಹಗ್ಗವನ್ನು ಜಗ್ಗಿ ನೋಡಿದಳು.